ಅಂಚು ಒತ್ತಿದ ಸ್ಯಾಂಡ್‌ವಿಚ್

ಮಾರ್ಚ್ 6, 2001, ಬೆಳಗ್ಗೆ 7

ಕಾಫಿ ಆಯಿತು. ಮೆಟ್ಟಿಲ ಹಿಮ ಗುಡಿಸಿದೆ. ಮೂಲೆ ಅಂಗಡಿಯ ರಾಯ್ಸ್ ಬಂದ — ಮುಖ ಸಪ್ಪಗೆ. ದೊಡ್ಡ ಕಂಪನಿಯ ನೋಟಿಸ್ ಅಂತೆ. ಬ್ರೆಡ್ಡಿನ ಅಂಚು ಕತ್ತರಿಸಿ, ಒಳಗೆ ಪೀನಟ್ ಬಟರ್, ಜಾಮ್ ಇಟ್ಟು, ಸುತ್ತ ಒತ್ತಿ ಮುಚ್ಚಿದ ಸ್ಯಾಂಡ್‌ವಿಚ್‌ಗೆ ಪೇಟೆಂಟ್ ಅವರದು. ಇವನು ಮಾರಕೂಡದು. ಬ್ರೆಡ್ ಒತ್ತುವುದಕ್ಕೂ ಅಪ್ಪಣೆ ಬೇಕೇ! ಮೈ ಉರಿಯಿತು.

"ಯೂನಿಸ್ ಆಂಟಿ, ನಿಮ್ಮ ಚರ್ಚಿನ ಅಡುಗೆ ಪುಸ್ತಕದಲ್ಲಿ ಇದು ಇತ್ತಲ್ವಾ? ಪೇಟೆಂಟಿಗಿಂತ ಮೊದಲೇ ಇದನ್ನ ಮಾಡ್ತಿದ್ರು ಅಂತ ತೋರಿಸಿದ್ರೆ ಪೇಟೆಂಟ್ ನಿಲ್ಲಲ್ವಂತೆ. ಅದು ಸಿಕ್ರೆ ನಾನು ಬಚಾವ್."

ಇದೆ. 1964ರದು. ಪುಟ 41. ಕೆಳಗೆ ನನ್ನ ಹೆಸರು.

ಮಾರ್ಚ್ 9

ರಾಯ್ಸ್‌ನ ಲಾಯರ್ ಫೋನ್. ಪುಸ್ತಕ ಕೊಟ್ಟರೆ ಸಾಲದು, ಪ್ರಮಾಣ ಮಾಡಿ ಹೇಳಬೇಕು.

"ಯಾರಿಂದ ಕಲಿತ್ರಿ ಅಂತ ಕೇಳ್ತಾರೆ ಮೇಡಂ. ಒಂದು ಸುಳ್ಳು ಸಿಕ್ರೆ ಪುಸ್ತಕಾನೂ ಸುಳ್ಳು ಅಂತಾರೆ."

ಸಿಕ್ಕಿಹಾಕಿಕೊಂಡೆ. ಅದು ನನ್ನದಲ್ಲ. ಅತ್ತಿಗೆ ವರ್ಲಾಳದು. ಅವಳ ಅಡುಗೆಮನೆಯಲ್ಲಿ ನೋಡಿ, ಅವಳಿಗಿಂತ ಮೊದಲೇ ನನ್ನ ಹೆಸರಲ್ಲಿ ಪುಸ್ತಕಕ್ಕೆ ಕೊಟ್ಟುಬಿಟ್ಟಿದ್ದೆ. ಮೂವತ್ತೇಳು ವರ್ಷ ಹೊಗಳಿಸಿಕೊಂಡೆ... ನಾಚಿಕೆಯಾಗುತ್ತದೆ.

ಮಾರ್ಚ್ 15

ಕೊನೆಗೂ ಹೇಳಿದೆ. ತಟ್ಟೆ ಒರೆಸುತ್ತಿದ್ದ ಅತ್ತಿಗೆ ನಕ್ಕುಬಿಟ್ಟಳು.

"ಕದ್ದಿದ್ದು ಆಗ್ಲೇ ಗೊತ್ತಿತ್ತು ಕಣೇ. ಒಂದು ವರ್ಷ ಸಿಟ್ಟೂ ಇತ್ತು. ಆದ್ರೆ ಅದು ನಂದೂ ಅಲ್ಲ, ನಿಮ್ಮಮ್ಮನದು. ನನ್ನ ಬಾಣಂತನದಲ್ಲಿ ಮಾಡ್ಕೊಡ್ತಿದ್ರು — ಮಗು ಎತ್ಕೊಂಡು ಒಂದೇ ಕೈಲಿ ತಿನ್ಬೋದು, ಜಾಮ್ ಸೋರಲ್ಲ."

"ಅಮ್ಮ ನನಗ್ಯಾಕೆ ಹೇಳ್ಕೊಡ್ಲಿಲ್ಲ?"

"ನಾನೂ ಕೇಳ್ದೆ. 'ಯೂನಿಸ್‌ಗೆ ಏನು ಹೇಳ್ಕೊಟ್ರೂ ನನ್ನೇ ತಿದ್ತಾಳೆ' ಅಂದ್ರು."

ಚುರುಕ್ಕೆಂದಿತು. ನಿಜ, ತಿದ್ದುತ್ತಿದ್ದೆ. ಅಮ್ಮ ಹೋಗಿಯೇ ಇಪ್ಪತ್ತು ವರ್ಷವಾಯಿತು.

ಮಾರ್ಚ್ 20, ಸಂಜೆ

ಬಲಗೈ ಎತ್ತಿ ಪ್ರಮಾಣ ಮಾಡಿದೆ. ಕಂಪನಿಯ ವಕೀಲ ನುಣ್ಣಗೆ ಕೇಳಿದ, "ಇದು ನಿಮ್ಮ ಸ್ವಂತದ್ದಾ?"

ಅಲ್ಲ ಎಂದೆ. ಕದ್ದದ್ದನ್ನೂ ಹೇಳಿದೆ. ರಾಯ್ಸ್ ಕಣ್ಣು ಬಿಟ್ಟು ನೋಡುತ್ತಿದ್ದ. ಅಮ್ಮನ ಹೆಸರು, ಹಿಲ್ಮಾ ಕಾಂಗಾಸ್, ಬರೆದುಕೊಂಡರು. ಇನ್ನೂ ಹಳೆಯದೆಂದು ಗೊತ್ತಾಗಿ ವಕೀಲನ ಮುಖ ಇಳಿಯಿತು. ರಾಯ್ಸ್ ಅಂಗಡಿ ಉಳಿಯಿತೆಂದೇ ತಿಳಿಯಿರಿ ಎಂದರು ನಮ್ಮ ಲಾಯರ್. ರಾಯ್ಸ್ ಬಾಗಿಲಲ್ಲೇ ತಬ್ಬಿಕೊಂಡ.

ಮನೆಗೆ ಬಂದವಳೇ ಬ್ರೆಡ್ ತೆಗೆದೆ. ಇವತ್ತು ಅಮ್ಮ ಮಾಡಿದಂತೆಯೇ ಮಾಡಬೇಕು, ಒಂದಿಷ್ಟೂ ತಿದ್ದದೆ. ಅಂಚು ಒತ್ತಲು ಹೋದೆ — ಫೋರ್ಕಿನಿಂದಲೋ, ಹೆಬ್ಬೆರಳಿನಿಂದಲೋ? ಅಷ್ಟು ವರ್ಷ ಪಕ್ಕದಲ್ಲೇ ನಿಂತು ಮಾತಾಡುತ್ತಲೇ ಇದ್ದೆ. ಒಂದು ದಿನವಾದರೂ ಅವಳ ಕೈ ನೋಡಿರಲಿಲ್ಲ.