ತಟ್ಟೆಯ ಮೇಲೆ ಉಳಿದ ಕಲ್ಲು

ಮಾನ್ಯ ತೂಕ-ಅಳತೆ ಪರವಾನಗಿ ಅಧಿಕಾರಿಗಳೇ,

ಮೂವತ್ತೊಂದು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿರುವ ನನಗೆ 'ಮರೆವಿನ ರೋಗ' ಎಂದು ಬರೆದು ಪರವಾನಗಿ ರದ್ದು ಮಾಡಿದ್ದೀರಿ. ಏಳೇ ನಿಮಿಷದಲ್ಲಿ ಒಂದು ತಲೆಯನ್ನು ತೂಗಿ ಮುಗಿಸಿದ ನಿಮ್ಮ ಕೈಚಳಕಕ್ಕೆ ಮೊದಲು ಅಭಿನಂದನೆ. ನನಗೆ ಒಂದು ಕಿರಾಣಿ ತಕ್ಕಡಿಗೇ ಅರ್ಧ ದಿನ ಬೇಕು.

ತಪ್ಪಾದದ್ದು ನಿಜ, ಮುಚ್ಚಿಡುವುದಿಲ್ಲ. ತರಕಾರಿ ಅಂಗಡಿಯಾಕೆಯ ಸ್ಪ್ರಿಂಗ್ ತಕ್ಕಡಿಯ ತಟ್ಟೆಯಲ್ಲಿ ಇನ್ನೂರು ಗ್ರಾಮಿನ ತೂಕದ ಕಲ್ಲನ್ನು ಮರೆತು, ಮುಳ್ಳನ್ನು ಸೊನ್ನೆಗೆ ಕೂರಿಸಿ, ಸೀಲು ಒತ್ತಿ ಬಂದೆ. ಆಕೆ ಕಲ್ಲನ್ನು ಎತ್ತಿಟ್ಟು ವ್ಯಾಪಾರಕ್ಕಿಳಿದಳು; ಮುಳ್ಳು ಸೊನ್ನೆಗಿಂತ ಹಿಂದೆ ಸರಿದು, ಎರಡು ದಿನ ಪ್ರತಿ ತೂಕಕ್ಕೂ ಇನ್ನೂರು ಗ್ರಾಮು ಧರ್ಮಕ್ಕೆ ಕೊಟ್ಟಳು. "ಅಣ್ಣಾ, ಗಿರಾಕಿಗಳು ಮುಗಿಬಿದ್ರು. ನನ್ನ ಮಾತಿಗೆ ಮರುಳಾದ್ರು ಅಂದ್ಕೊಂಡಿದ್ದೆ. ನಿಮ್ಮ ಮುಳ್ಳಿನ ಕೃಪೆ ಅಂತ ಈಗ ಗೊತ್ತಾಯ್ತು" ಎಂದಳು. ಅಂದೇ ಸರಿಪಡಿಸಿ, ನಿಮಗೆ ಬರೆದು ತಿಳಿಸಿದವನೂ ನಾನೇ. ಮರೆವಿನ ರೋಗಿ ತನ್ನ ತಪ್ಪನ್ನು ತಾರೀಖು ಸಮೇತ ಒಪ್ಪಿಸುತ್ತಾನೆಯೇ? ಕೈಂಡ್ಲಿ ಕನ್ಸಿಡರ್.

ಇನ್ನು ಅದಾದ ಮೇಲೆ ನೀವು ಕರೆಸಿ ಮಾಡಿದ ನೆನಪಿನ ಪರೀಕ್ಷೆ. ಅರ್ಜಿಯ ಮೊದಲ ಸಾಲೇ 'ಹೆಂಡತಿ: ಇದ್ದಾರೆ/ಇಲ್ಲ, ಒಂದನ್ನು ಹೊಡೆದುಹಾಕಿ.' ಅವಳು ತೀರಿಹೋಗಿ ಆಗ ಐದು ತಿಂಗಳು. ಪೆನ್ನು ಅಲ್ಲೇ ನಿಂತಿತು. ಅದೇ ಹೊತ್ತಿಗೆ ನಿಮ್ಮ ಗುಮಾಸ್ತರು ನೆನಪಿಟ್ಟುಕೊಳ್ಳಲು ಮೂರು ಪದ ಹೇಳಿದರಂತೆ.

"ಯಜಮಾನ್ರೇ, ನಾನು ಹೇಳಿದ ಪದ ಯಾವ್ಯಾವ್ದು?"

"ಗೊತ್ತಿಲ್ಲ."

"ನೂರರಿಂದ ಏಳು ಕಳೀರಿ."

"ಗೊತ್ತಿಲ್ಲ."

"ನಿನ್ನೆ ಏನು ಊಟ?"

"ಮಾಡಿದ್ನೋ ಇಲ್ವೋ."

"ಹಾಗೇ ಬರ್ಕೊಳ್ಳಲಾ?"

"ಬರ್ಕೊಳ್ಳಿ."

ಮಗಳು ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದ ಡಾಕ್ಟರಮ್ಮ ಬೇರೆಯೇ ಹೇಳಿದರು: "ಇದು ಖಿನ್ನತೆ. ಗಮನ ಬಾಗಿಲಲ್ಲೇ ಕೂತ್ಬಿಟ್ಟಿದೆ, ಮಾತು ಒಳಗೇ ಬರ್ತಿಲ್ಲ. ಒಳಗೆ ಬರದೇ ಇದ್ದದ್ದನ್ನ ಕಳ್ಕೊಂಡ್ರಿ ಅನ್ನೋಕಾಗುತ್ತಾ?" ಐದು ತಿಂಗಳ ಔಷಧಿಯಾಯಿತು. ಔಷಧಿಗೆ ಮೊದಲು ಹಾಲಿನವನಿಗೊಂದು ಚೀಟಿ ಬರೆಯಲು ಇಡೀ ಬೆಳಗ್ಗೆ ಬೇಕಿತ್ತು. ಈ ಪತ್ರಕ್ಕೆ ಹಿಡಿದದ್ದು ಎರಡೇ ದಿನ. ಅವರು ಕೊಟ್ಟ ಪ್ರಮಾಣಪತ್ರವನ್ನು 'ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ' ಎಂದು ಹಿಂದಿರುಗಿಸಿದ್ದೀರಿ. ಕಾಲಂ ಇಲ್ಲದ ಕಾಯಿಲೆ ಬಂದದ್ದಕ್ಕೆ ಕ್ಷಮೆ ಇರಲಿ.

ಕಾಲೇಜಿನ ಮೇಷ್ಟ್ರು, ಖಾಲಿ ತಟ್ಟೆಯಲ್ಲೂ ಮುಳ್ಳು ಸೊನ್ನೆ ಬಿಟ್ಟು ನಿಲ್ಲುವ 'ಝೀರೋ ಎರರ್' ಕುರಿತು ಇಂಗ್ಲಿಷಿನಲ್ಲಿ ಒಂದು ಗಂಟೆ ಕೊರೆದಿದ್ದರು. ಕೂಡಬೇಕೋ ಕಳೆಯಬೇಕೋ ಮರೆತಿದ್ದೇನೆ. ಇದನ್ನು ರೋಗಕ್ಕೆ ಸೇರಿಸಬೇಡಿ, ಕಾಲೇಜು ಪರೀಕ್ಷೆಯ ದಿನವೂ ನೆನಪಿರಲಿಲ್ಲ. ಕಸುಬು ಕಲಿಸಿದ್ದು ಮಾತ್ರ ಉಳಿದಿದೆ: ಮುಳ್ಳು ಸುಳ್ಳು ಹೇಳಿದರೆ, ಸ್ಪ್ರಿಂಗನ್ನು ಗುಜರಿಗೆ ಹಾಕುವ ಮೊದಲು ತಟ್ಟೆಯ ಮೇಲೆ ಏನು ಕೂತಿದೆ ನೋಡು. ನೀವು ನೋಡಿದಿರಾ?

ನನ್ನನ್ನು ಮತ್ತೊಮ್ಮೆ ಪರೀಕ್ಷಿಸಿ, ತೇರ್ಗಡೆಯಾದರೆ ಪರವಾನಗಿ ಹಿಂದಿರುಗಿಸಿ. ಹೆಂಡತಿಯ ಸಾಲನ್ನು ಅರ್ಜಿಯ ಕೊನೆಗೆ ಹಾಕಿಸಿ. ಆ ಹಳೆಯ ಮೂರು ಪದಗಳನ್ನು ಈಗಲೂ ಹೇಳಲಾರೆ, ಅವು ನನ್ನ ತನಕ ಬಂದೇ ಇರಲಿಲ್ಲ. ಬೇರೆ ಮೂರು ಹೇಳಿ ನೋಡಿ.

ಇಂತಿ,
ಆ ಸಾಲಿನಲ್ಲಿ ಇನ್ನೂ ಯಾವುದನ್ನೂ ಹೊಡೆದುಹಾಕದ
ತಕ್ಕಡಿ ರಿಪೇರಿಯವ