ನಡುವಿನ ತುಂಡು

ಜನವರಿ 6, ಸೋಮವಾರ

ಮತ್ತೆ ಕೂಡ್ಲಿಗಿ. ಸಂಘದವರ ಲೈಬ್ರರಿ. ಹತ್ತಕ್ಕೆ ತೆಗೆಯಬೇಕು, ತೆಗೆದದ್ದು ಹನ್ನೊಂದೂವರೆಗೆ. ಒಳಗೆಲ್ಲ ಪರೀಕ್ಷೆಗೆ ಓದುವವರು — ಪೊಲೀಸ್, ಪಿಡಿಒ, ಎಫ್‌ಡಿಎ. ಕುರ್ಚಿ ಸಿಗಲಿಲ್ಲ. ನಿಂತೇ ಹುಡುಕಿದೆ. ಕ್ಯಾಟಲಾಗ್ ಅಂತ ಒಂದಿಲ್ಲ. ಪುಸ್ತಕ ಜೋಡಿಸಿರುವುದು ಎತ್ತರದ ಪ್ರಕಾರ, ಬೀರುವಿನಲ್ಲಿ ಚೆಂದ ಕಾಣಲಿ ಅಂತ. ಹೋಮಿಯೋಪತಿ ಪಕ್ಕ ಕಾದಂಬರಿ, ಕಾದಂಬರಿ ಪಕ್ಕ ಕುರಿ ಸಾಕಣೆ.

ನೋಡಿಕೊಳ್ಳುವವರು ಶಿವಯೋಗಪ್ಪ. "ಏನ್ ಬೇಕವ್ವ?"

"ಕೌದಿ ಬಗ್ಗೆ ಪುಸ್ತಕ ಐತೇನ್ರಿ? ಡಿಸೈನ್ ಓದಾಕತ್ತೀನ್ರಿ. ಥೀಸಿಸ್ ಬರೀಬೇಕು."

"ಕೌದಿ ಬಗ್ಗೆ? ಹಳೇ ಸೀರಿ ಸೇರಿಸಿ ಹೊಲಿಯೋದು, ಹೊದ್ಕೊಂಡು ಮಕ್ಕೊಳ್ಳೋದು. ಅದನ್ಯಾರ ಬರೀತಾರ ಬಿಡವ್ವ."

ನಗಲೂ ಇಲ್ಲ ಪುಣ್ಯಾತ್ಮ. ಆದರೂ ಒಳಗೆ ಹೋಗಿ, ಪಾಪ, ಒಂದು ಹುಡುಕಿ ತಂದುಕೊಟ್ಟರು. ಬ್ಲೌಸ್ ಕಟಿಂಗ್ ಪುಸ್ತಕ.

ಕೊಟ್ಟೂರು ಬಸ್ಸಿನಲ್ಲಿ ಅಳು ಬಂತು. ಕಿಟಕಿ ಕಡೆ ಮುಖ ಮಾಡಿ ಕೂತೆ.

ಜನವರಿ 9, ಗುರುವಾರ

ಬೆಂಗಳೂರಿನಿಂದ ಗೈಡ್ ಅರುಣಕುಮಾರ್ ಸರ್ ಫೋನ್. ಕಳಿಸಿದ ಅಧ್ಯಾಯ ವಾಪಸ್. ಹೋದ ಸಲ ಜೂರಿಯಲ್ಲಿ, ಹೊರಗಿನ ಪರೀಕ್ಷಕರ ಮುಂದೆ, ಫೇಲ್ ಮಾಡಿದ್ದೂ ಇದಕ್ಕೇ — ಸೋರ್ಸ್ ಇಲ್ಲ. ಇನ್ನು ಉಳಿದಿರುವುದು ಮಾರ್ಚ್ ಜೂರಿ ಒಂದೇ. ಅದೂ ಹೋದರೆ ಡಿಗ್ರಿ ಇಲ್ಲ. ನಾಲ್ಕು ವರ್ಷ ನೀರುಪಾಲು.

"ಕೌದಿಯ ಮಧ್ಯದಲ್ಲಿ ಆ ಚೌಕ ಇದೆಯಲ್ಲ ಭಾಗ್ಯ, ಅದಕ್ಕೆ ಹೆಸರೇನು? ಅರ್ಥ ಏನು? ನಿಮ್ಮ ಥೀಸಿಸ್ ಇರೋದೇ ಅದರಲ್ಲಿ."

"ಅಮ್ಮ 'ನಡುವಿನ ತುಂಡು' ಅಂತಾಳೆ ಸರ್. ಅಷ್ಟೇ."

"ನಿಮ್ಮ ಅಮ್ಮ ಸೋರ್ಸ್ ಅಲ್ಲಮ್ಮ. ಪ್ರಿಂಟ್ ಆಗಿರೋದು ತನ್ನಿ."

ಸ್ಪೀಕರ್ ಆನ್ ಇತ್ತು. ಅವ್ವ ಒಲೆ ಮುಂದಿನಿಂದ ಕೇಳಿಸಿಕೊಂಡಳು. ಮದುವೆ, ಬಾಣಂತನ ಅಂತ ಓಣಿಗೆಲ್ಲ ಕೌದಿ ಹೊಲಿದುಕೊಟ್ಟ ಕಲ್ಯಾಣಮ್ಮ.

"ಸೋರ್ಸ್ ಅಂದ್ರೇನಲೇ?"

"ಪುಸ್ತಕದಾಗ ಇರೋದವ್ವ."

"ಹಂಗಾರ ನಾನಿಲ್ಲ ಬಿಡು." ಮತ್ತೆ ರೊಟ್ಟಿ ಬಡಿಯತೊಡಗಿದಳು. ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕಾಲೇಜಿನ ಆನ್‌ಲೈನ್ ಲೈಬ್ರರಿಯಲ್ಲಿ ಹುಡುಕಿದೆ. ಕೌದಿ — ಸೊನ್ನೆ. ಕ್ವಿಲ್ಟ್ — ಸಾವಿರಾರು. ಎಲ್ಲ ಅಮೆರಿಕದ್ದು.

ಜನವರಿ 15

ಹರಪನಹಳ್ಳಿ. ಇಲ್ಲ.

ಜನವರಿ 17

ಹಗರಿಬೊಮ್ಮನಹಳ್ಳಿ. ಬೀರು ಇದೆ, ಕೀಲಿ ಇಲ್ಲ. ಕೀಲಿಯವರು ಮಗಳ ಬಾಣಂತನಕ್ಕೆ ಹೋಗ್ಯಾರಂತೆ. ಗಾಜಿನಾಚೆ ಪುಸ್ತಕಗಳ ಬೆನ್ನು ಓದುತ್ತಾ ನಿಂತಿದ್ದೆ. ಥೂ, ಏನು ಬಾಳು.

ಜನವರಿ 21, ಮಂಗಳವಾರ

ಸಿಕ್ಕಿತು! ಹಡಗಲಿ. ರಿಟೈರಾದ ಮೇಷ್ಟ್ರೊಬ್ಬರ ಮನೆಯ ಅಟ್ಟ. ಜಾನಪದ ಕಸುಬುಗಳ ಮೇಲೆ ಒಂದು ತೆಳು ಪುಸ್ತಕ, ಇಪ್ಪತ್ತು ವರ್ಷ ಹಳೆಯದು, ಹಿಂದಿನ ರಟ್ಟು ಗೆದ್ದಲಿಗೆ ಹೋಗಿದೆ. ಕೌದಿಗೆ ಒಂದೇ ಪುಟ. ಸಾಕು! "ಈ ಭಾಗದ ಕೌದಿಯ ನಡುವಿನ ಚೌಕಕ್ಕೆ ಗುಬ್ಬಿಮನಿ ಎಂದು ಹೆಸರು." ಕೆಳಗೆ ಅಡಿಟಿಪ್ಪಣಿ — ಹೇಳಿದವರು: ಅಂಜಿನಕ್ಕ, ಗುಡೇಕೋಟೆ.

ಗುಬ್ಬಿಮನಿ... ಎಷ್ಟು ಚೆಂದ. ಗೂಡು, ಬೆಚ್ಚಗೆ, ಸುತ್ತ ಹೊಲಿಗೆಯ ಸಾಲು. ಸರ್‌ಗೆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ — "ಇದೇ ನಿಮ್ಮ ಥೀಸಿಸ್!"

ಅವ್ವನಿಗೆ ಓದಿ ಹೇಳಿದೆ. "ಹೌದೇನ? ನಮ್ಮ ಕಡಿ ಹಂಗ ಅಂದಿದ್ದು ನಾ ಕೇಳಿಲ್ಲವ್ವ" ಅಂದಳು. ಅವಳಿಗೇನು ಗೊತ್ತು ಅಂದುಕೊಂಡೆ.

ಫೆಬ್ರವರಿ 14

ಬರೆಯಲು ಪುರುಸೊತ್ತಿಲ್ಲ. ನಾಲ್ಕು ಅಧ್ಯಾಯ ಮುಗೀತು. ಶೀರ್ಷಿಕೆ 'ಗುಬ್ಬಿಮನಿ'. ಕವರ್, ಗ್ರಿಡ್, ಬಣ್ಣ — ಎಲ್ಲ ಗೂಡಿನಿಂದಲೇ ಹುಟ್ಟಿದ್ದು. ಗೂಡು ಅಂದರೆ ಹೆಣ್ಣಿನ ಮನೆ, ಹೆಣ್ಣಿನ ನೆನಪು ಅಂತೆಲ್ಲ ಬರೆದಿದ್ದೇನೆ. ಸರ್‌ಗೆ ಇನ್ನೊಂದು ಬೇಕಂತೆ. ಆ ಅಂಜಿನಕ್ಕ ಇದ್ದರೆ ಅವರದೊಂದು ಫೋಟೋ, ಕೌದಿ ಹಿಡಿದುಕೊಂಡು.

ಫೆಬ್ರವರಿ 24, ಸೋಮವಾರ

ಗುಡೇಕೋಟೆಗೆ ಹೋಗಿದ್ದೆ. ಹೋಗಬಾರದಿತ್ತು.

ಅಂಜಿನಕ್ಕ ಇದ್ದಾಳೆ. ಗಟ್ಟಿಯಾಗಿದ್ದಾಳೆ. ಕಟ್ಟೆ ಮೇಲೆ ಕೂತು ಕೌದಿಯ ಕೊನೆ ಮೂಲೆ ಹೊಲಿಯುತ್ತಿದ್ದಳು. ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಟ್ಟಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಅವ್ವನೂ ಹಾಗೇ ಮಾಡುತ್ತಾಳೆ. ಪುಸ್ತಕದ ಪುಟ ತೋರಿಸಿ ಅವಳ ಹೆಸರು ಓದಿ ಹೇಳಿದೆ. ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕಳು.

"ಅಯ್ಯ! ಆ ಸಾಹೇಬ್ರು ಇದನ್ನ ಅಚ್ಚು ಹಾಕಿಸ್ಯಾರ? ಸುಡುಸುಡು ಮಧ್ಯಾನದಾಗ ಬಂದಿದ್ರವ್ವ. ಇದರ ಹೆಸರೇನು, ಇದರ ಹೆಸರೇನು ಅಂತ ಕೇಳಿದ್ದ ಕೇಳಿದ್ದು. ನಡುವಿನ ತುಂಡ್ರಿ ಅಂದೆ. ಅಲ್ಲ, ಹೆಸರು ಬೇಕು ಅಂದ್ರು. ಅಷ್ಟು ದೂರದಿಂದ ಬಂದೋರನ್ನ ಬರಿಗೈಲೆ ಹೆಂಗ ಕಳಿಸೋದವ್ವ? ಮ್ಯಾಲ ನೋಡಿದೆ, ತೊಲಿ ಮ್ಯಾಲ ಗುಬ್ಬಿ ಕುಂತಿತ್ತು. ಗುಬ್ಬಿಮನಿ ಅಂದೆ. ಬರಕೊಂಡ್ರು. ಖುಷಿಯಾಗಿ ಹೋದ್ರು."

ಮತ್ತೆ ಮತ್ತೆ ಕೇಳಿದೆ — ಊರಲ್ಲಿ ಬೇರೆ ಯಾರಾದರೂ ಹಾಗೆ ಅಂತಾರಾ? ನಿಮ್ಮವ್ವ? ಅತ್ತೆ?

"ಯಾರೂ ಅನ್ನಂಗಿಲ್ಲ. ಹರಕ ಸೀರಿ ತುಂಡಿಗೆ ಹೆಸರು ಯಾಕ ಬೇಕವ್ವ?"

ನನ್ನ ಮುಖ ನೋಡಿದಳು. ಸೂಜಿ ಕೆಳಗಿಟ್ಟಳು. ಮರುಕ ಹುಟ್ಟಿರಬೇಕು. ಮೆಲ್ಲಗೆ ಕೇಳಿದಳು, "ನಿನಗೂ ಒಂದು ಹೆಸರು ಬೇಕೇನವ್ವ?"

ಬಾಳೆಹಣ್ಣು ಕೊಟ್ಟಳು, ರೊಟ್ಟಿ ಕಟ್ಟಿಕೊಟ್ಟಳು. ಬರಿಗೈಲಿ ಬರಲಿಲ್ಲ ನಾನೂ.

ಫೆಬ್ರವರಿ 25

ಏಳಲಿಲ್ಲ. ಜ್ವರ ಅಂತ ಹೇಳಿದೆ.

ಫೆಬ್ರವರಿ 27, ಗುರುವಾರ

ಸರ್‌ಗೆ ಎಲ್ಲ ಹೇಳಿದೆ. "ವಯಸ್ಸಾಗಿದೆ, ಮರೆತಿರುತ್ತಾರೆ. ಪುಸ್ತಕ ಮರೆಯಲ್ಲ. ನೀವು ಪುಸ್ತಕದ್ದೇ ರೆಫರೆನ್ಸ್ ಕೊಡಿ."

"ಮರೆತಿಲ್ಲ ಸರ್. ಗುಬ್ಬಿ ಕೂತಿದ್ದ ತೊಲೆ ತೋರಿಸಿದ್ರು."

"ಅವರು ಈಗ ಹೇಳಿದ್ದು ಪ್ರಿಂಟ್ ಆಗಿದೆಯಾ?"

ಇಲ್ಲ. ಆಗಿಲ್ಲ. ಸುಳ್ಳಿಗೆ ಪುಟಸಂಖ್ಯೆ ಇದೆ, ನಿಜಕ್ಕಿಲ್ಲ. ನನ್ನವ್ವನಿಗೂ ಇಲ್ಲ.

ಮಾರ್ಚ್ 3

ನಡೆದದ್ದೆಲ್ಲ ನಾಲ್ಕು ಸಾಲಿನ ಅಡಿಟಿಪ್ಪಣಿ ಮಾಡಿ ಹಾಕಿದ್ದೆ. ಸರ್ ಕೆಂಪು ಗೆರೆ ಎಳೆದು ಕಳಿಸಿದ್ದಾರೆ. "ಇದಿದ್ದರೆ ಇಡೀ ಥೀಸಿಸ್ ಬಿದ್ದುಹೋಗುತ್ತೆ. ತೀರ್ಮಾನ ನಿಮ್ಮದು."

ಸರ್ ಹೇಳಿದ್ದು ಸರಿಯೇ. ಬೀಳುತ್ತದೆ. ಹೊಸದು ಬರೆಯಲು ದಿನವಿಲ್ಲ, ಆಧಾರವಿಲ್ಲ, ನನ್ನಲ್ಲಿ ಶಕ್ತಿಯೂ ಇಲ್ಲ. ಅವ್ವನನ್ನು ಕೇಳಿದೆ. "ಗುಬ್ಬಿಮನಿ ಅಂತನ ಬರದ ಬಿಡು. ಹೆಸರಿಗೇನು, ಯಾರಿಗರ ಉಣ್ಣಾಕ ಅಡ್ಡ ಬರ್ತೈತೇನು? ನೀ ಪಾಸಾಗು ಮೊದಲ."

ತೆಗೆದುಹಾಕಿದೆ. ಒಂದೇ ಕೀ ಒತ್ತಿದ್ದು. ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 21, ಬೆಂಗಳೂರು

ಪಾಸ್. ಜೂರಿಯವರು ಚಪ್ಪಾಳೆ ತಟ್ಟಿದರು. 'ಗುಬ್ಬಿಮನಿ' ಎಂಥ ಅದ್ಭುತ ಪರಿಕಲ್ಪನೆ ಅಂದರು ಒಬ್ಬ ಮೇಡಂ, ಕಣ್ಣಲ್ಲಿ ನೀರು. ಹಾಸ್ಟೆಲ್‌ಗೆ ಬಂದು ಮುಸುಕು ಹಾಕಿ ಮಲಗಿದೆ. ಅವ್ವನ ಕೌದಿ. ನಡುವೆ ನೇರಳೆ ಬಣ್ಣದ ಚೌಕ — ಅಜ್ಜಿಯ ಸೀರೆದು. ಅದರ ಬಗ್ಗೆ ಬರೆಯಬಹುದಿತ್ತು. ಯಾರ ಸೀರೆ, ಯಾವಾಗ ಹರಿಯಿತು ಅಂತ. ಇಡೀ ಥೀಸಿಸ್‌ನಲ್ಲಿ ಅಜ್ಜಿ ಇಲ್ಲ.

ಏಪ್ರಿಲ್ 28

ಕಾಲೇಜ್ ಲೈಬ್ರರಿಯಿಂದ ಮೇಲ್. ನನ್ನ ಥೀಸಿಸ್‌ಗೆ ನಂಬರ್ ಕೊಟ್ಟು ಶೆಲ್ಫಿನಲ್ಲಿ ಇಟ್ಟಿದ್ದಾರಂತೆ. ಆನ್‌ಲೈನಲ್ಲೂ ಹಾಕಿದ್ದಾರೆ. ಕೌದಿ ಅಂತ ಹುಡುಕಿ ನೋಡಿದೆ. ಸೊನ್ನೆ ಅಲ್ಲ ಈಗ. ಒಂದು. ನಾನೇ.

ಮೇ 11, ಭಾನುವಾರ. ಕೊಟ್ಟೂರು

ಅವ್ವ ಹೊಸ ಕೌದಿ ಹಾಕಿದ್ದಾಳೆ, ನಾನು ಪಾಸಾದದ್ದಕ್ಕೆ. ನಡುಮನೆ ತುಂಬ ಹರಡಿಕೊಂಡು ಕೂತಿದ್ದಾಳೆ. ಪಕ್ಕದ ಮನೆಯ ಶಾಂತಕುಮಾರಿ ಬಂದಿದ್ದರು, ಜೊತೆಗೆ ಹೊಸ ಸೊಸೆ. ಕಲಿಯಬೇಕಂತೆ ಹುಡುಗಿಗೆ. ನಾನು ಇಲ್ಲೇ ಕೋಣೆಯಲ್ಲಿದ್ದೆ. ಎಲ್ಲ ಕೇಳುತ್ತಿತ್ತು.

"ನಡುವ ಇದೇನ್ರಿ ಅತ್ತಿ?" ಅಂತ ಸೊಸೆ ಅವ್ವನನ್ನು ಕೇಳಿದಳು.

"ಇದಾ? ಗುಬ್ಬಿಮನಿ." ಅವ್ವನ ದನಿಯಲ್ಲಿ ಹೆಮ್ಮೆ. "ನಮ್ಮ ಭಾಗ್ಯ ಪುಸ್ತಕದಾಗ ಬರದಾಳ ನೋಡು. ನಮ್ಮವ್ವನೂ ಹಂಗ ಅಂತಿದ್ಲು. ಮೊದಲಿಂದ ಇದಕ್ಕ ಗುಬ್ಬಿಮನಿ ಅಂತನ ಅಂತಾರ."

ಅಜ್ಜಿ ಹಾಗೆ ಅಂದಿರಲಿಲ್ಲ. ಒಮ್ಮೆಯೂ ಅಂದಿರಲಿಲ್ಲ. ಎದ್ದು ಹೊಸ್ತಿಲ ತನಕ ಹೋದೆ. ಅವ್ವ ಸುಳ್ಳು ಹೇಳುತ್ತಿರಲಿಲ್ಲ, ಮುಖ ನೋಡಿದೆ... ಅವಳಿಗೆ ನೆನಪೇ ಹಾಗಾಗಿದೆ. ಸೊಸೆ ಫೋನ್ ತೆಗೆದು ಬರೆದುಕೊಳ್ಳುತ್ತಿದ್ದಳು.

"ಅವ್ವಾ, ಅದು ಗುಬ್ಬಿಮನಿ ಅಲ್ಲ, ಅದು —" ಅಂದೆ. ಮೂವರೂ ತಿರುಗಿ ನನ್ನ ಕಡೆ ನೋಡಿದರು. ಪುಸ್ತಕ ಬರೆದವಳ ಕಡೆ. ಅವ್ವ ಸೂಜಿ ಹಿಡಿದು ಕಾಯುತ್ತಿದ್ದಳು, ನಾನು ಏನು ಹೇಳಿದರೂ ಹೌದು ಅನ್ನಲು.