ಅಪ್ಪನ ಕಾರು ಇನ್ನು ನಿನ್ನದು

ಪ್ರೀತಿಯ ಅಣ್ಣನಿಗೆ,

ಅಪ್ಪ ಹೋದ ಮೇಲೆ ನಮ್ಮ ಮನೆ ಮುಂದೆ ನಿಂತಿರುವ ಅವರ ಕಾರು ಇನ್ನು ನಿನ್ನದು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ. ಟೈರ್ ಬದಲಿಸಿದರೆ ನಾಲ್ಕನ್ನೂ ಒಟ್ಟಿಗೇ ಬದಲಿಸು. ಹಿಂದಿನ ಸೀಟಿನ ಬಿಸ್ಕತ್ತಿನ ಪುಡಿ ನನ್ನ ಮಕ್ಕಳದು, ಗುಡಿಸಲು ಮನಸ್ಸಾಗಲಿಲ್ಲ.

ನೀನೂ ಅಪ್ಪನೂ ಮಾತು ಬಿಟ್ಟಿದ್ದಾಗ, ಒಂದು ಮಳೆಯ ಮಧ್ಯಾಹ್ನ ಅಪ್ಪ ನನ್ನನ್ನು ಕೂರಿಸಿಕೊಂಡು ನಿನ್ನ ಮನೆಗೆ ಹೊರಟರು. ಆ ಕೆಸರಿನ ಏರನ್ನು ಕಾರು ಒಮ್ಮೆಯೂ ಜಾರದೆ ಹತ್ತಿತು. ಗೇಟಿನ ಮುಂದೆ ನಿಂತಾಗ ಒಳಗೆ ನೀನು ಹಾಡಿಕೊಳ್ಳುತ್ತಿದ್ದೆ. ಅಪ್ಪ ಕಿಟಕಿಯ ಗಾಜು ಇಳಿಸಿ ಹಾಡು ಮುಗಿಯುವ ತನಕ ಕೇಳಿದರು. "ಗಾಡಿ ಏನೋ ಹತ್ತಿಬಿಡ್ತು ಕಣಮ್ಮ, ನನಗೇ ಇಳಿಯೋಕೆ ಆಗ್ತಿಲ್ಲ" ಎಂದು ಕಾರು ತಿರುಗಿಸಿದರು.

ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಭಾನುವಾರ ಕಾರು ಒಯ್ಯಲು ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಾ.

ನಿನ್ನ ತಂಗಿ